ಮಲ್ಲಿತಮ್ಮನ ಒಂದಕ್ಷರ

25 ಫೆಬ್ರವರಿ 2024, ಭಾನುವಾರ
ಮೈಸೂರು

ಬೆಳಿಗ್ಗೆ ಏಳಕ್ಕೇ ಹೊರಡೋಣ ಅಂತ ಮಾತಾಗಿತ್ತು. ಇವರು ಪೇಪರು ಓದಿ, ಎರಡನೇ ಕಾಫಿ ಕುಡಿದು, ಸ್ಕೂಟರಿಗೆ ಗಾಳಿ ಹೊಡೆಸಿಕೊಂಡು ಬರುವಷ್ಟರಲ್ಲಿ ಹತ್ತೂವರೆ. ಸೋಮನಾಥಪುರ ಇಲ್ಲಿಂದ ಸುಮಾರು 35 ಕಿಲೋಮೀಟರ್ ಅಷ್ಟೇ. ಮದುವೆಯಾಗಿ ಹನ್ನೊಂದು ವರ್ಷ ಆದರೂ ಜೊತೆಯಾಗಿ ಒಂದು ಸಲವೂ ಹೋಗಿರಲಿಲ್ಲ. ಹೋದ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡಿನ ಜೊತೆ ಇಲ್ಲಿನ ಹೊಯ್ಸಳರ ಕಾಲದ ಕೇಶವ ಗುಡಿಯೂ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿ ಸೇರಿತಲ್ಲ, ಆಮೇಲೆ ಸ್ಟಾಫ್ ರೂಮಿನಲ್ಲಿ ಎಲ್ಲರೂ "ಇನ್ನೂ ನೋಡಿಲ್ವಾ ಮೇಡಂ?" ಅನ್ನತೊಡಗಿದರು.

ಕಾವೇರಿ ದಾಟಿ, ಬನ್ನೂರು ದಾಟಿ ಹೋದೆವು. ಬನ್ನೂರಿನಲ್ಲಿ ಕುರಿ ಮಂದೆ ಅಡ್ಡ ಬಂದು ಹತ್ತು ನಿಮಿಷ ನಿಂತೆವು. ಊರಿಗೆ ಹೆಸರು ತಂದ ಕುರಿಗಳು, ಅವಕ್ಕೆ ಹಾರ್ನ್ ಹೊಡೆಯೋಕಾಗತ್ತಾ!

ತಡವಾಗಿ ಹೊರಟದ್ದಕ್ಕೆ ಶಿಕ್ಷೆ ಗುಡಿಯ ಜಗತಿ, ಅಂದರೆ ಸುತ್ತಲಿನ ಎತ್ತರದ ಕಲ್ಲುಕಟ್ಟೆ, ಹತ್ತಿದ ಮೇಲೆ ಸಿಕ್ಕಿತು. ಚಪ್ಪಲಿ ಬಿಡಬೇಕು. ಹನ್ನೆರಡರ ಬಿಸಿಲಿಗೆ ಕಲ್ಲು ಕಾದ ಹೆಂಚಾಗಿತ್ತು. ನಾನು ನೆರಳಿನಿಂದ ನೆರಳಿಗೆ ಓಡುತ್ತಿದ್ದರೆ ಇವರು ಸಾಕ್ಸ್ ಹಾಕಿಕೊಂಡು ಮಹಾರಾಜರ ಹಾಗೆ ನಡೆಯುತ್ತಿದ್ದರು. ಬಲಗಾಲಿನ ಸಾಕ್ಸಿನ ತೂತಿನಿಂದ ಹೆಬ್ಬೆರಳು ಪೂರ್ತಿ ಹೊರಗೆ.

"ರೀ, ಆ ಬೆರಳು ಸುಡಲ್ವಾ?"

"ಅದೊಂದನ್ನ ಎತ್ತಿ ಇಡ್ತೀನಿ ಕಣೇ."

ಗೋಡೆಯ ಬುಡದಲ್ಲಿ ಆನೆಗಳ ಸಾಲು. ಅದರ ಮೇಲೆ ಕುದುರೆ, ಬಳ್ಳಿ, ರಾಮಾಯಣ ಮಹಾಭಾರತದ ಕಥೆ, ಹೀಗೆ ಪಟ್ಟಿ ಪಟ್ಟಿ. ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೆತ್ತಗಿದ್ದು, ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತದೆ. ಹಾಗಾಗಿಯೇ ದೇವರ ಬೆರಳುಗಳ ಉಂಗುರಗಳನ್ನೂ ಕೊರೆದಿದ್ದಾರೆ.

ಆದರೆ ನಾನು ಬಂದದ್ದು ಸಹಿ ಹುಡುಕೋಕೆ. ಇಲ್ಲಿನ ಶಿಲ್ಪಿಗಳು ಮೂರ್ತಿಯ ಕೆಳಗೆ ಹೆಸರು ಬರೆದಿದ್ದಾರೆ. ಅದರಲ್ಲಿ ಹೆಚ್ಚು ಕಾಣುವುದು ಮಲ್ಲಿತಮ್ಮನ ಹೆಸರು. ಕೆಲವು ಕಡೆ ಮಲ್ಲಿತಮ್ಮ, ಕೆಲವು ಕಡೆ ಮಲ್ಲಿ, ಕೆಲವು ಕಡೆ ಬರೀ 'ಮ'. ಓದಿದಾಗಿನಿಂದ ನನಗೆ ನಗು. ಮಾರ್ಕ್ಸ್ ಕಾರ್ಡಿಗೆ ಸಹಿ ಹಾಕುವಾಗ ಮೊದಲ ಹತ್ತಕ್ಕೆ ಪೂರ್ತಿ ಹೆಸರು, ಆಮೇಲೆ ಅರ್ಧ, ಕೊನೆಗೆ ಒಂದು ಗೆರೆ. ಅವನಿಗೂ ಅದೇ ಆಗಿರಬೇಕು ಅಲ್ವಾ?

ಹಳಗನ್ನಡದ 'ಮ' ಹೇಗಿರುತ್ತೆ ಅಂತ ಫೋನಿನಲ್ಲಿ ನೋಡಿಕೊಂಡು ಬಂದಿದ್ದೆ. ಆದರೂ ಅರ್ಧ ಗಂಟೆ ಜಗಳ. ಇವರಿಗೆ ಕಂಡ ಬಿರುಕೆಲ್ಲ 'ಮ'. ಅಂತೂ ಒಂದು ಮೂರ್ತಿಯ ಪೀಠದಲ್ಲಿ ಮೂರ್ನಾಲ್ಕು ಅಕ್ಷರ ಸ್ಪಷ್ಟವಾಗಿ ಸಿಕ್ಕಿತು. ಕೂತು ಬೆರಳಿಂದ ಸವರೋಕೆ ಹೋದೆ. "ಮುಟ್ಬೇಡಿ ಅಮ್ಮಾ" ಅಂತ ಕಾವಲಿನವರು ಕೂಗಿದರು. ಮಕ್ಕಳಿಗೆ ದಿನಾ ಅದನ್ನೇ ಹೇಳುವ ನಾನು ಕೈ ಹಿಂದೆಳೆದುಕೊಂಡೆ.

ಒಳಗೆ ಹೋದರೆ ತಂಪು, ಕತ್ತಲೆ. ಮೂರು ಗರ್ಭಗುಡಿ. ಕೇಶವನ ಮೂಲ ಮೂರ್ತಿ ಕಳೆದುಹೋಗಿದೆ, ಈಗಿರುವುದು ಬೇರೆ. ಜನಾರ್ದನ, ವೇಣುಗೋಪಾಲ ಇದ್ದಾರೆ. ವೇಣುಗೋಪಾಲನ ಕಾಲ ಬಳಿ ದನಗಳು ಕತ್ತೆತ್ತಿ ಕೊಳಲು ಕೇಳುತ್ತಿವೆ. ಪೂಜೆ ಇಲ್ಲ, ಗಂಟೆ ಇಲ್ಲ, ಹಾಗಾಗಿ ಅವು ಕೇಳುವುದನ್ನು ನಾವೂ ಸುಮ್ನೆ ನೋಡಬಹುದು. ಛಾವಣಿಯಲ್ಲಿ ಬಾಳೆಮೊಗ್ಗು, ಒಂದರ ಹಾಗೆ ಇನ್ನೊಂದಿಲ್ಲ. ಕತ್ತು ನೋಯುವವರೆಗೆ ನೋಡಿದೆವು. ಇದೆಲ್ಲ ಹೊಯ್ಸಳ ದೊರೆ ಮೂರನೇ ನರಸಿಂಹನ ದಂಡನಾಯಕ ಸೋಮನಾಥ ಕಟ್ಟಿಸಿದ್ದು. ಊರಿಗೂ ತನ್ನ ಹೆಸರೇ ಇಟ್ಟ. ಅವನದು ಪೂರ್ತಿ ಹೆಸರು!

ಹೊರಗೆ ಮರದ ಕೆಳಗೆ ಚಿತ್ರಾನ್ನ, ಮೊಸರನ್ನ. ಉಪ್ಪಿನಕಾಯಿ ಡಬ್ಬಿ ಅಡುಗೆಮನೆ ಕಟ್ಟೆಯ ಮೇಲೇ ಉಳಿದಿತ್ತು. ಅದು ನನ್ನ ತಪ್ಪು, ಇವರು ಮೂರು ಸಲ ನೆನಪಿಸಿದರು.

ಈಗ ರಾತ್ರಿ ಒಂಬತ್ತು. ಅಂಗಾಲು ಇನ್ನೂ ಚುರುಚುರು ಅನ್ನುತ್ತಿದೆ, ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಕೂತಿದ್ದೇನೆ. ಎಂಟನೇ ತರಗತಿಯ ನೋಟ್ ಬುಕ್ಕುಗಳಿಗೆ ಸಹಿ ಬಾಕಿ ಇದೆ. ಇವರು ತೂತಿನ ಸಾಕ್ಸನ್ನು ಒಗೆದು, ಒಣಗಿಸಿ, ಮಡಿಚಿ, ಮತ್ತೆ ಬೀರುವಿನಲ್ಲೇ ಇಟ್ಟಿದ್ದಾರೆ.