ಮೊದಲ ಗಾಡಿಯೇ ನೈಟ್ರೋ ಟ್ರಕ್ ಆಗಬಹುದೇ?

ರೇಡಿಯೋ ನಿಯಂತ್ರಿತ ಗಾಡಿ ಕೊಳ್ಳಬೇಕೆಂದಿರುವವರು ನನ್ನನ್ನು ಕೇಳುವುದು ಹೆಚ್ಚಾಗಿ ಇದನ್ನೇ: ನೈಟ್ರೋ ಟ್ರಕ್ಕಿನಿಂದಲೇ, ಅಂದರೆ ಬ್ಯಾಟರಿಯ ಬದಲು ಇಂಧನ ಉರಿಸುವ ಪುಟ್ಟ ಎಂಜಿನ್ನಿನ ಟ್ರಕ್ಕಿನಿಂದಲೇ, ಶುರು ಮಾಡಬಹುದೇ? ಮಾಡಬಹುದು. ಆದರೆ ನಿಮಗೆ ಬೇಕಾಗಿರುವುದು ಗಾಡಿಯೋ ಎಂಜಿನ್ನೋ ಎಂಬುದನ್ನು ಮೊದಲು ತೀರ್ಮಾನಿಸಿಕೊಳ್ಳಿ. ಗಾಡಿ ಓಡಿದರೆ ಸಾಕು ಎನ್ನುವವರಿಗೆ ಬ್ಯಾಟರಿಯದೇ ಮೇಲು. ಅದು ಸದ್ದು, ಹೊಗೆ ಇಲ್ಲದೆ ಹೊರಡುತ್ತದೆ, ವೇಗದಲ್ಲೂ ಈಗ ನೈಟ್ರೋಗೆ ಸೋಲುವುದಿಲ್ಲ. ನೈಟ್ರೋ ಕೊಂಡವರು ಓಡಿಸಿದಷ್ಟೇ ಹೊತ್ತು ಸ್ಕ್ರೂಡ್ರೈವರ್ ಹಿಡಿದು ಕೂತಿರುತ್ತಾರೆ. ಅದೂ ಆಟದ ಭಾಗವೇ ಎನ್ನುವವರು ಮುಂದೆ ಓದಿ.

ಈ ಎಂಜಿನ್ನಿಗೆ ಪೆಟ್ರೋಲ್ ಹಾಕುವಂತಿಲ್ಲ. ಮೆಥನಾಲ್, ನೈಟ್ರೋಮೀಥೇನ್ ಮತ್ತು ಎಣ್ಣೆಯ ಮಿಶ್ರಣವೇ ಇದರ ಇಂಧನ. ಕೈಪಿಡಿ ಬೇರೆ ಹೇಳದಿದ್ದರೆ ಶೇಕಡಾ 20ರಷ್ಟು ನೈಟ್ರೋ ಇರುವುದು ಆರಂಭಕ್ಕೆ ಸಾಕು. ಸ್ಪಾರ್ಕ್ ಪ್ಲಗ್ ಇದಕ್ಕಿಲ್ಲ. ಪ್ಲಾಟಿನಂ ತಂತಿಯ ಪುಟ್ಟ ಸುರುಳಿಯುಳ್ಳ ಗ್ಲೋ ಪ್ಲಗ್ ಇದೆ. ಶುರುವಿಗೆ ಮಾತ್ರ ಸಣ್ಣ ಬ್ಯಾಟರಿಯಿಂದ ಅದನ್ನು ಕಾಯಿಸುತ್ತೇವೆ. ಎಂಜಿನ್ ಹಿಡಿದ ಮೇಲೆ ಬ್ಯಾಟರಿ ತೆಗೆದರೂ, ಒತ್ತಡದ ಬಿಸಿ ಮತ್ತು ಪ್ಲಾಟಿನಂ ಮೇಲೆ ಮೆಥನಾಲ್ ನಡೆಸುವ ರಾಸಾಯನಿಕ ಕ್ರಿಯೆಯಿಂದ ಸುರುಳಿ ಕೆಂಪಗೆ ಉಳಿಯುತ್ತದೆ.

ಹೊಸ ಎಂಜಿನ್ನನ್ನು ಕೈಯಲ್ಲಿ ತಿರುಗಿಸಿ ನೋಡಿದವರು ಸಾಮಾನ್ಯವಾಗಿ ಗಾಬರಿಯಾಗುತ್ತಾರೆ: ಪಿಸ್ಟನ್ ಮೇಲಕ್ಕೆ ಬರುತ್ತಿದ್ದಂತೆ ಬಿಗಿಯಾಗಿ ಸಿಕ್ಕಿಕೊಂಡಂತಾಗುತ್ತದೆ. ಅದು ದೋಷವಲ್ಲ. ಪಿಸ್ಟನ್ ಓಡಾಡುವ ಸ್ಲೀವನ್ನು ಬೇಕೆಂದೇ ತುದಿಯಲ್ಲಿ ಕೊಂಚ ಕಿರಿದಾಗಿ ಮಾಡಿರುತ್ತಾರೆ. ಕಾದಾಗ ಅದು ಹಿಗ್ಗಿ ಸರಿಯಾದ ಅಳತೆಗೆ ಬರುತ್ತದೆ. ಆದ್ದರಿಂದ ಹೊಸ ಎಂಜಿನ್ನನ್ನು ತಣ್ಣಗಿಟ್ಟೇ ಪಳಗಿಸಬೇಕೆಂಬ ಹಳೆಯ ಸಲಹೆಯನ್ನು ನಾನು ಒಪ್ಪುವುದಿಲ್ಲ. ಇಂಧನ ಧಾರಾಳವಾಗಿರಲಿ, ಆದರೆ ಎಂಜಿನ್ನಿನ ತಲೆಯ ಭಾಗ 95 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಬರಲಿ. ಬರದಿದ್ದರೆ ತಲೆಗೆ ಬಟ್ಟೆಯನ್ನೋ ಅಲ್ಯೂಮಿನಿಯಂ ಹಾಳೆಯನ್ನೋ ಸುತ್ತಿ. ಐದಾರು ಟ್ಯಾಂಕ್ ಇಂಧನವನ್ನು ಹೀಗೆ ನಿಧಾನವಾಗಿ ಓಡಿಸಿ ಮುಗಿಸಿ. ಪ್ರತಿ ಟ್ಯಾಂಕಿನ ನಂತರ ಪಿಸ್ಟನ್ನನ್ನು ಕೆಳಗೆ ನಿಲ್ಲಿಸಿ, ಎಂಜಿನ್ ಪೂರ್ತಿ ಆರಲು ಬಿಡಿ. ಬೇಸರದ ಕೆಲಸ, ನಿಜ. ಇದನ್ನು ಹಾರಿಸಿದವರ ಎಂಜಿನ್ನಿನಲ್ಲಿ ಆ ಬಿಗಿ ಬೇಗ ಸವೆಯುತ್ತದೆ. ಆಮೇಲೆ ಬಿಸಿಯಾದಾಗ ಒತ್ತಡವೇ ಸಾಲದೆ ಅದು ಹಿಡಿಯುವುದಿಲ್ಲ.

ಎಂಜಿನ್ ಶುರು ಮಾಡಲು ಎಳೆಯುವ ಹಗ್ಗ ಅಲುಗದೆ ನಿಂತರೆ ಬಲ ಹಾಕಬೇಡಿ. ಬಹುಮಟ್ಟಿಗೆ ಒಳಗೆ ಇಂಧನ ತುಂಬಿಕೊಂಡಿರುತ್ತದೆ. ಗ್ಲೋ ಪ್ಲಗ್ ಬಿಚ್ಚಿ, ರಂಧ್ರದ ಮೇಲೆ ಬಟ್ಟೆ ಹಿಡಿದು ಹಗ್ಗವನ್ನು ನಾಲ್ಕು ಬಾರಿ ಎಳೆದರೆ ಹೊರಗೆ ಬರುತ್ತದೆ.

ಇನ್ನು ಟ್ಯೂನಿಂಗ್. ಕಾರ್ಬ್ಯುರೇಟರಿನಲ್ಲಿ ಇಂಧನ ನಿಯಂತ್ರಿಸುವ ಸೂಜಿ ಸಾಮಾನ್ಯವಾಗಿ ಎರಡು: ಒಂದು ಪೂರ್ಣ ವೇಗಕ್ಕೆ, ಇನ್ನೊಂದು ಕಡಿಮೆ ವೇಗಕ್ಕೆ. ಪೂರ್ಣ ವೇಗದ್ದನ್ನು ಮೊದಲು ಸರಿ ಮಾಡಿ. ಬಲಕ್ಕೆ ತಿರುಗಿಸಿದರೆ ಇಂಧನ ಕಡಿಮೆ, ಎಡಕ್ಕೆ ತಿರುಗಿಸಿದರೆ ಹೆಚ್ಚು. ಒಂದು ಸಲಕ್ಕೆ ಸುತ್ತಿನ ಹನ್ನೆರಡನೆಯ ಒಂದು ಭಾಗಕ್ಕಿಂತ ಹೆಚ್ಚು ತಿರುಗಿಸಬೇಡಿ. ತಿರುಗಿಸಿದ ಮೇಲೆ ಒಂದೆರಡು ಸುತ್ತು ಓಡಿಸಿ ನೋಡಿ. ಇಲ್ಲೊಂದು ಬಲೆಯಿದೆ. ಇಂಧನ ಕಡಿಮೆ ಮಾಡುತ್ತಾ ಹೋದಂತೆ ಸದ್ದು ತೀಕ್ಷ್ಣವಾಗುತ್ತದೆ, ಟ್ರಕ್ ಇನ್ನಷ್ಟು ನುಗ್ಗುತ್ತದೆ, ಓಡಿಸುವವನಿಗೆ ಹುಮ್ಮಸ್ಸು ಬರುತ್ತದೆ. ಆದರೆ ಎಂಜಿನ್ನಿಗೆ ಸವರಲು ಬೇಕಾದ ಎಣ್ಣೆ ಇರುವುದು ಇಂಧನದಲ್ಲೇ. ಇಂಧನ ಕಡಿಮೆಯಾದರೆ ಎಣ್ಣೆಯೂ ಕಡಿಮೆ, ಬಿಸಿ ಮಾತ್ರ ಹೆಚ್ಚು. ಹಾಗಾಗಿ ಕಿವಿಯೊಂದನ್ನೇ ನಂಬಬಾರದು. ಪೂರ್ಣ ವೇಗದಲ್ಲೂ ಹಿಂದೆ ತೆಳು ನೀಲಿ ಹೊಗೆ ಕಾಣುತ್ತಿರಬೇಕು. ಪಳಗಿದ ಎಂಜಿನ್ನಿನ ತಲೆ ಹೆಚ್ಚಾಗಿ 105ರಿಂದ 125 ಡಿಗ್ರಿಯೊಳಗೆ ಇರುತ್ತದೆ. ಹೊಗೆ ಮಾಯವಾಗಿ ಬಿಸಿ ಇದನ್ನು ದಾಟಿದರೆ ತಕ್ಷಣ ಎಡಕ್ಕೆ ತಿರುಗಿಸಿ. ಕಡಿಮೆ ವೇಗದ ಸೂಜಿಗೆ ಸುಲಭದ ಪರೀಕ್ಷೆಯಿದೆ: ನಿಂತಲ್ಲೇ ಓಡುತ್ತಿರುವಾಗ ಕಾರ್ಬ್ಯುರೇಟರಿನ ಹತ್ತಿರ ಇಂಧನದ ನಳಿಕೆಯನ್ನು ಹಿಚುಕಿ. ಎರಡು ಮೂರು ಸೆಕೆಂಡು ಓಡಿ, ಕೊಂಚ ವೇಗ ಏರಿಸಿಕೊಂಡು ನಿಂತರೆ ಸರಿ. ತಟ್ಟನೆ ನಿಂತರೆ ಇಂಧನ ಸಾಲದು. ಬಹಳ ಹೊತ್ತು ಎಳೆದಾಡಿದರೆ ಹೆಚ್ಚಾಗಿದೆ.

ಅಪಾಯದ ಮಾತು ಎರಡೇ. ಮೆಥನಾಲ್ ವಿಷ, ಹಗಲಿನಲ್ಲಿ ಅದರ ಜ್ವಾಲೆ ಕಣ್ಣಿಗೆ ಬೀಳುವುದಿಲ್ಲ; ಬಯಲಿನಲ್ಲೇ ಬಳಸಿ, ಡಬ್ಬಿಯನ್ನು ಬಿಗಿಯಾಗಿ ಮುಚ್ಚಿಡಿ. ಎರಡನೆಯದು, ಸಂಕೇತ ತಪ್ಪಿದ ನೈಟ್ರೋ ಟ್ರಕ್ ತಾನಾಗಿ ನಿಲ್ಲುವುದಿಲ್ಲ. ಮೊದಲು ಟ್ರಾನ್ಸ್‌ಮಿಟರ್, ಆಮೇಲೆ ಟ್ರಕ್ಕಿನ ರಿಸೀವರ್ ಚಾಲೂ ಮಾಡಿ. ಆಫ್ ಮಾಡುವಾಗ ಇದರ ತಿರುವುಮುರುವು. ಫೇಲ್‌ಸೇಫ್ ಎಂಬ ಸುರಕ್ಷಾ ವ್ಯವಸ್ಥೆ ಸಂಕೇತ ತಪ್ಪಿದಾಗ ಬ್ರೇಕ್ ಹಿಡಿಯುತ್ತದೆಯೇ ಎಂದು ಎಂಜಿನ್ ಶುರುವಾಗುವ ಮೊದಲೇ ಪರೀಕ್ಷಿಸಿ.

ಆಟ ಮುಗಿದ ದಿನ ಟ್ಯಾಂಕ್ ಖಾಲಿ ಮಾಡಿ, ಒಳಗೆ ಉಳಿದದ್ದು ಉರಿದುಹೋಗುವವರೆಗೆ ಎಂಜಿನ್ ಓಡಿಸಿ. ಪ್ಲಗ್ಗಿನ ರಂಧ್ರದಲ್ಲಿ ನಾಲ್ಕು ಹನಿ ಆಫ್ಟರ್ ರನ್ ಎಣ್ಣೆ ಬಿಟ್ಟು ತಿರುಗಿಸಿ. ಮೆಥನಾಲ್ ತೇವ ಹೀರುವುದರಿಂದ, ಹೀಗೆ ಮಾಡದಿದ್ದರೆ ಬೇರಿಂಗುಗಳಿಗೆ ತುಕ್ಕು ಹಿಡಿಯುತ್ತದೆ. ಗಾಡಿ ಕೊಂಡ ಮೇಲೂ ಕೈಯಲ್ಲಿ ಹಣ ಉಳಿದಿದ್ದರೆ ವೇಗ ಹೆಚ್ಚಿಸುವ ಬಿಡಿಭಾಗಗಳತ್ತ ಈಗಲೇ ನೋಡಬೇಡಿ. ಇನ್‌ಫ್ರಾರೆಡ್ ಥರ್ಮಾಮೀಟರ್, ನಾಲ್ಕಾರು ಗ್ಲೋ ಪ್ಲಗ್, ಏರ್ ಫಿಲ್ಟರಿನ ಫೋಮ್ ಮತ್ತು ಅದಕ್ಕೆ ಹಚ್ಚುವ ಎಣ್ಣೆ, ಇವಿಷ್ಟನ್ನು ಮೊದಲು ತನ್ನಿ.