ಕಿವಿಗೆ ಬೇಸರಿಸದವರು ಕಾಕರ್ ತನ್ನಿ

ನಮ್ಮ ಕಾಕರ್ ಸ್ಪಾನಿಯಲ್ ನಾಯಿ ಚಿಕ್ಕುವನ್ನು ಕಂಡವರ ಕೈ ಮೊದಲು ಹೋಗುವುದು ಅವನ ಕಿವಿಗೇ. "ಎಂಥ ಚಂದ ಮಾರಾಯ್ರೆ, ನಮಗೂ ಇಂಥದ್ದೊಂದು ಬೇಕು" ಅನ್ನುತ್ತಾರೆ. ಕಾಕರ್ ಸ್ಪಾನಿಯಲ್ ಸಾಕುವ ಕೆಲಸದಲ್ಲಿ ಅರ್ಧಪಾಲು ಆ ಕಿವಿಯದ್ದೇ ಎಂದರೆ ನಂಬುವುದಿಲ್ಲ. ಅದೂ ಮಂಗಳೂರಿನಲ್ಲಿ! ಜೂನ್‌ನಲ್ಲಿ ಮಳೆ ಹಿಡಿದರೆ ಇಲ್ಲಿ ಒಗೆದ ಬಟ್ಟೆಯೇ ಒಣಗುವುದಿಲ್ಲ. ಜೋತುಬಿದ್ದ, ಕೂದಲು ತುಂಬಿದ ಕಿವಿಯೊಳಗೆ ಗಾಳಿ ಆಡುವುದು ಹೇಗೆ?

ನಾಯಿಯ ಕಿವಿಯ ನಾಳ ಮೊದಲು ಕೆಳಗಿಳಿದು ಆಮೇಲೆ ಒಳಕ್ಕೆ ತಿರುಗುತ್ತದೆ. ತೇವ ಅಲ್ಲೇ ನಿಂತರೆ ಫಂಗಸ್ ಹಿಡಿಯುತ್ತದೆ. ಮೊದಲು ಗೊತ್ತಾಗುವುದು ವಾಸನೆಯಿಂದ, ಹುಳಿ ಬಂದಂಥ ವಾಸನೆ. ಆಮೇಲೆ ತಲೆ ಕೊಡವಲು ಶುರು. ಹಾಗೇ ಬಿಟ್ಟರೆ ಕೊಡವಿ ಕೊಡವಿ ಕಿವಿಯ ಹಾಳೆಯಲ್ಲಿ ರಕ್ತ ತುಂಬಿ ಊದುವುದೂ ಉಂಟು. ಅದಕ್ಕೇ ಭಾನುವಾರ ಬೆಳಿಗ್ಗೆ ನಾನೂ ಮಗಳೂ ಅವನನ್ನು ಜಗಲಿಯಲ್ಲಿ ಕೂರಿಸಿಕೊಳ್ಳುತ್ತೇವೆ. ಡಾಕ್ಟ್ರು ಕೊಟ್ಟ ದ್ರಾವಣ ಕಿವಿಗೆ ಬಿಟ್ಟು, ಬುಡವನ್ನು ಮೆತ್ತಗೆ ತಿಕ್ಕಿ, ಅವನು ಕೊಡವಿದ ಮೇಲೆ ಹೊರಬಂದದ್ದನ್ನು ಹತ್ತಿಯಲ್ಲಿ ಒರೆಸುವುದು. ಕಡ್ಡಿ ಹಾಕಬಾರದು, ಕೊಳೆ ಇನ್ನೂ ಒಳಗೆ ಹೋಗುತ್ತದೆ. ಅತ್ತೆಗೆ ಮಾತ್ರ ಇದೆಲ್ಲ ಅತಿ ಅನ್ನಿಸುತ್ತದೆ. "ಎರಡು ಹನಿ ತೆಂಗಿನೆಣ್ಣೆ ಬಿಟ್ಟರೆ ಸಾಕು" ಎಂಬ ಅವರ ವಾದಕ್ಕೆ ಡಾಕ್ಟ್ರು ಇನ್ನೂ ಒಪ್ಪಿಲ್ಲ. ಊಟದ ಹೊತ್ತಿಗೆ ಹಳೇ ಕಾಲುಚೀಲದ ತುದಿ ಕತ್ತರಿಸಿ ತಲೆಗೆ ಏರಿಸುತ್ತೇವೆ, ಕಿವಿ ಗಂಜಿಗೆ ಬೀಳುವುದಿಲ್ಲ.

ನಮ್ಮ ಯಜಮಾನರಿಗೆ ಲ್ಯಾಬ್ರಡಾರ್ ಬೇಕಿತ್ತು. ಮೂವತ್ತು ಕಿಲೋ ನಾಯಿ ಸರಪಳಿ ಎಳೆದರೆ ಮಂಡಿನೋವಿನ ಅತ್ತೆ ಗತಿಯೇನು? ಕಾಕರ್ ಹದಿಮೂರು ಹದಿನಾಲ್ಕು ಕಿಲೋದಲ್ಲಿ ನಿಲ್ಲುತ್ತದೆ. ಮರಿ ನೋಡಲು ಹೋದಾಗ ನಾನು ಮರಿಗಿಂತ ಹೆಚ್ಚು ಅದರ ತಾಯಿಯನ್ನೇ ನೋಡಿದೆ. ಹೊಸಬರ ಹತ್ತಿರ ಬಾಲ ಆಡಿಸುತ್ತಾ ಬರುತ್ತದೋ, ಮೂಲೆಗೆ ಸರಿದು ಗುರ್ ಅನ್ನುತ್ತದೋ, ಮಕ್ಕಳಿರುವ ಮನೆಗೆ ಅದು ಮುಖ್ಯ. ತಾಯಿಯನ್ನು ತೋರಿಸಲು ಹಿಂದೆಮುಂದೆ ನೋಡುವವರ ಮನೆಯಿಂದ ಎದ್ದು ಬನ್ನಿ. ಎಂಟು ವಾರ ತುಂಬದ ಮರಿಯನ್ನು ಮಾರಬಾರದು, ಮರಿ ಮಾಡಿಸುವವರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿರಬೇಕು ಎಂದು 2017ರ ಕೇಂದ್ರದ ನಿಯಮವೇ ಇದೆ. ಈ ತಳಿಯಲ್ಲಿ ವಂಶದಿಂದ ಬರುವ, ನಿಧಾನವಾಗಿ ದೃಷ್ಟಿ ಕಳೆಯುವ ಕಣ್ಣಿನ ಕಾಯಿಲೆಯೊಂದಿದೆ. ತಂದೆತಾಯಿಗೆ ಡಿಎನ್ಎ ಪರೀಕ್ಷೆ ಆಗಿದೆಯೇ ಎಂದು ಕೇಳಿ. ಕೇಳಿದ್ದಕ್ಕೆ ನಕ್ಕವರೂ ಇದ್ದಾರೆ, ನಗಲಿ.

ಸೋಫಾದ ಮೇಲೆ ಮುದ್ದಾಗಿ ಮಲಗಿದ್ದರೂ ಇದು ಬೇಟೆಯ ನಾಯಿ. ಇಂಗ್ಲೆಂಡಿನಲ್ಲಿ ಪೊದೆಯೊಳಗೆ ನುಗ್ಗಿ ವುಡ್‌ಕಾಕ್ ಹಕ್ಕಿಯನ್ನು ಎಬ್ಬಿಸಲೆಂದು ಬೆಳೆಸಿದ್ದು, ಹೆಸರೂ ಆ ಹಕ್ಕಿಯಿಂದಲೇ. ನಮ್ಮ ಓಣಿಯಲ್ಲಿ ವುಡ್‌ಕಾಕ್ ಇಲ್ಲ, ಕೆಂಬೂತ ಇದೆ. ಬೇಲಿಯಲ್ಲಿ ಅದು ಗೂಪ್ ಗೂಪ್ ಅಂದರೆ ಚಿಕ್ಕುವಿನ ಮೂಗು ನೆಲಕ್ಕೆ, ನನ್ನ ತೋಳು ಬೇಲಿಗೆ. ಹೊರಬಂದಾಗ ಕಿವಿತುಂಬ ಉತ್ತರಾಣಿ ಬೀಜ, ಬೆರಳ ಸಂದಿಯಲ್ಲಿ ಉಣ್ಣಿ. ಬೀಜ ಬಾಚಣಿಗೆಗೆ ಬರುತ್ತದೆ. ಉಣ್ಣಿಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಉಣ್ಣಿಜ್ವರ ಬಂದರೆ ಪ್ಲೇಟ್‌ಲೆಟ್ ಕುಸಿಯುತ್ತದೆ. ಊಟ ಬಿಟ್ಟು ಮಂಕಾಗಿ ಕೂತ ನಾಯಿಯ ಒಸಡು ಬಿಳಚಿಕೊಂಡಿದ್ದರೆ ನಾಳೆಗೆಂದು ಕಾಯದೆ ರಕ್ತಪರೀಕ್ಷೆ ಮಾಡಿಸಿ.

ತಿನ್ನುವುದಕ್ಕೆ ಮಿತಿಯೇ ಇಲ್ಲ ಇವಕ್ಕೆ, ಬೇಗ ದಪ್ಪಗಾಗುತ್ತವೆ. ಈರುಳ್ಳಿ ಬಿದ್ದ ಸಾಂಬಾರು, ದ್ರಾಕ್ಷಿ, ಚಾಕಲೇಟ್ ಕೊಡಲೇಬಾರದು. ಪಾಯಸದ ಒಣದ್ರಾಕ್ಷಿಯೂ ಸೇರಿತು ಎಂದು ಅತ್ತೆಗೆ ಬೇರೆಯಾಗಿ ಹೇಳಬೇಕಾಯಿತು.

ಗಂಡಹೆಂಡತಿ ಇಬ್ಬರೂ ಬೆಳಿಗ್ಗೆ ಬೀಗ ಹಾಕಿ ಸಂಜೆ ಬರುವ ಮನೆಗಾದರೆ ಈ ನಾಯಿ ಬೇಡ ಎನ್ನುತ್ತೇನೆ. ಮನುಷ್ಯರ ಕಾಲ ಬುಡದಲ್ಲೇ ಇರಬೇಕು ಇದಕ್ಕೆ. ಒಂಟಿಯಾಗಿ ಬಿಟ್ಟರೆ ಬೊಗಳಿ ಬೊಗಳಿ ಬಾಗಿಲು ಕೆರೆಯುತ್ತದೆ. ನಾವು ತಂದದ್ದೇ ಅತ್ತೆ ಮನೆಯಲ್ಲಿರುತ್ತಾರೆ ಎಂಬ ಧೈರ್ಯದ ಮೇಲೆ. ಅವರು ಕುಂದಾಪುರಕ್ಕೆ ಹೊರಟರೆಂದರೆ ರಜೆ ಹಾಕುವುದು ನಾನೋ ಇವರೋ ಎಂಬ ಚರ್ಚೆ ಹಿಂದಿನ ರಾತ್ರಿಯೇ ಶುರು. ಈ ಸಲದ ನವರಾತ್ರಿಗೆ ಇವರ ಸರದಿ.