ಆ ಡ್ರಮ್ ಸದ್ದು ಯಾರದ್ದು?

15 ಜೂನ್ 2025, ಭಾನುವಾರ
ಚಿಂತಾಮಣಿ

ಬೆಳಿಗ್ಗೆಯಿಂದ ಕರೆಂಟ್ ಇಲ್ಲ. ನಿನ್ನೆ ರಾತ್ರಿಯ ಜಗಳ ಮಾತ್ರ ತಲೆಯೊಳಗೆ ಓಡ್ತಾನೇ ಇದೆ.

ಜಗಳ ಅಂದರೆ ದೊಡ್ಡದೇನಲ್ಲ. ಮಾವನ ಮಗ ಆರ್ಕೆಸ್ಟ್ರಾದಲ್ಲಿ ಡ್ರಮ್ಸ್ ನುಡಿಸುತ್ತಾನೆ. ಇಂಗ್ಲೆಂಡಿನ ಡ್ರಮ್ಮರ್, ಹಾಡುಗಾರ ಫಿಲ್ ಕಾಲಿನ್ಸ್ ಹಾಡಿದ ‘ಇನ್ ದಿ ಏರ್ ಟುನೈಟ್’ ಹಾಕಿಕೊಂಡು ಕೂತಿದ್ದ. 1981ರ ಹಾಡು. ಮೂರೂವರೆ ನಿಮಿಷ ಸುಮ್ನೆ ಗುನುಗಿಕೊಂಡು ಹೋಗಿ, ಆಮೇಲೆ ಯಾರೋ ಬಾಗಿಲು ಒದ್ದು ಒಳಗೆ ಬಂದ ಹಾಗೆ ಡ್ರಮ್ ಬೀಳುತ್ತದಲ್ಲ, ಅಲ್ಲಿ ಕೈ ಎತ್ತಿ, ‘ಈ ಸೌಂಡ್ ಕಂಡುಹಿಡಿದವನು ಇವನೇ’ ಅಂದ. ನಾನು ಹತ್ತು ವರ್ಷದಿಂದ ಮದುವೆ, ಜಾತ್ರೆಗೆ ಮೈಕ್ ಸೆಟ್ ಕಟ್ಟುವವನು. ಸುಮ್ಮನಿರೋಕೆ ಆಗಲಿಲ್ಲ.

ಮೊದಲನೆಯದಾಗಿ, ಆ ಸದ್ದು ಅದಕ್ಕೂ ಮೊದಲೇ ಬೇರೆಯವರ ಹಾಡಲ್ಲಿ ಬಂದಿತ್ತು. ಇಂಗ್ಲೆಂಡಿನದ್ದೇ ಇನ್ನೊಬ್ಬ ಹಾಡುಗಾರ ಪೀಟರ್ ಗೇಬ್ರಿಯಲ್‌ನ ‘ಇಂಟ್ರೂಡರ್’, 1980. ಡ್ರಮ್ ನುಡಿಸಿದ್ದು ಕಾಲಿನ್ಸೇ, ಅದನ್ನ ಒಪ್ಪಿಕೊಂಡೆ. ಆದರೆ ಲಂಡನ್ನಿನ ಟೌನ್‌ಹೌಸ್ ಸ್ಟುಡಿಯೋದಲ್ಲಿ ಆವತ್ತು ಪ್ರೊಡ್ಯೂಸರ್ ಸ್ಟೀವ್ ಲಿಲಿವೈಟ್ ಇದ್ದ, ಎಂಜಿನಿಯರ್ ಹ್ಯೂ ಪ್ಯಾಡ್‌ಗಮ್ ಇದ್ದ.

ಅಲ್ಲಿ ಎಸ್‌ಎಸ್‌ಎಲ್ ಕಂಪನಿಯ ಸೌಂಡ್ ಮಿಕ್ಸರ್. ಒಳಗೆ ನುಡಿಸುವವರು ಮಾತಾಡಿದ್ದು ಕಂಟ್ರೋಲ್ ರೂಮಿಗೆ ಕೇಳಲಿ ಅಂತ ಒಂದು ಮೈಕ್ ಇತ್ತು. ಮೂಲೆಯಲ್ಲಿ ಪಿಸುಗುಟ್ಟಿದರೂ ಕೇಳಬೇಕು, ಪಕ್ಕದಲ್ಲಿ ಕೂಗಿದರೂ ಕಿವಿ ಹರಿಯಬಾರದು. ಅದಕ್ಕೆ ಭಾರಿ ಕಂಪ್ರೆಸರ್ ಹಾಕಿದ್ದರು. ಕಾಲಿನ್ಸ್ ನುಡಿಸುತ್ತಿರುವಾಗ ಆ ಮೈಕಿನ ಬಟನ್ ಒತ್ತಿದಾಗ ಕೇಳಿಸಿತು ನೋಡಿ, ಕಲ್ಲುಗೋಡೆಯ ಕೋಣೆಯೇ ಉಬ್ಬಿ ಬಂದ ಹಾಗೆ. ಆದರೆ ಆ ಮೈಕ್ ಕೇಳೋಕೆ ಮಾತ್ರ, ಟೇಪಿಗೆ ದಾರಿಯೇ ಇಲ್ಲ. ಪ್ಯಾಡ್‌ಗಮ್ ಸ್ಟುಡಿಯೋ ಟೆಕ್ನಿಷಿಯನ್‌ಗಳಿಗೆ ಹೇಳಿ ರಾತ್ರೋರಾತ್ರಿ ವೈರಿಂಗ್ ಬದಲಾಯಿಸಿದ. ಆಮೇಲೆ ನಾಯ್ಸ್ ಗೇಟ್. ಗೇಟ್ ಅಂದರೆ ತೋಟದ ಗೇಟೇ, ಸದ್ದು ಇಷ್ಟಕ್ಕಿಂತ ಇಳಿದ ತಕ್ಷಣ ದಪ್ ಅಂತ ಮುಚ್ಚಿಕೊಳ್ಳುತ್ತದೆ. ದೊಡ್ಡ ಗುಡಿಯಲ್ಲಿ ಬಾರಿಸಿದಷ್ಟು ಗುಂಯ್‌ಗುಡಿಕೆ, ಆದರೆ ಬಾಲ ಕಟ್.

ಅವನು ಕೇಳಿದ, ‘ಹಂಗಾದ್ರೆ ಎಲ್ಲಾ ಎಂಜಿನಿಯರ್‌ದೇನಾ?’

ಅಲ್ಲ. ನನ್ನ ಪ್ರಕಾರ ಯಾರೂ ಸರಿಯಾಗಿ ಲೆಕ್ಕಕ್ಕೆ ಹಿಡಿಯದವನು ಗೇಬ್ರಿಯಲ್. ‘ಇಂಟ್ರೂಡರ್’ ಇರೋ ಆಲ್ಬಮ್‌ನಲ್ಲಿ ತಾಳದ ತಟ್ಟೆ, ಅಂದರೆ ಸಿಂಬಲ್, ಮುಟ್ಟಲೇಬಾರದು ಅಂತ ಡ್ರಮ್ಮರ್‌ಗಳಿಗೆ ಹೇಳಿದ್ದ. ಸಿಂಬಲ್ ಇದ್ದಿದ್ದರೆ ಅಷ್ಟು ಕಂಪ್ರೆಸ್ ಮಾಡಿದ ಮೈಕಲ್ಲಿ ಬರೀ ‘ಶ್‌ಶ್’ ತುಂಬಿಕೊಂಡು, ಗೇಟ್ ಮುಚ್ಚೋದೇ ಕಷ್ಟ ಆಗ್ತಿತ್ತು. ಕಾಲಿನ್ಸ್ ಕೂಡ ಬುದ್ಧಿವಂತ. ಏಟಿಗೂ ಏಟಿಗೂ ನಡುವೆ ಜಾಗ ಬಿಟ್ಟು ನುಡಿಸಿದ, ಆ ಜಾಗದಲ್ಲೇ ಗೇಟ್ ಕೆಲಸ ಮಾಡೋದು. ಆಲ್ಬಮ್‌ನಲ್ಲಿ ಅವನಿಗೆ ‘ಡ್ರಮ್ ಪ್ಯಾಟರ್ನ್’ ಅಂತ ಹೆಸರೂ ಸಿಕ್ಕಿದೆ. ರಾತ್ರಿಯಿಡೀ ವೈರ್ ಬೆಸೆದವರು ಮಾತ್ರ ಕಥೆಯಲ್ಲಿ ಯಾವಾಗಲೂ ಬರೀ ‘ಟೆಕ್ನಿಷಿಯನ್‌ಗಳು’.

ನನಗೆ ಇದು ಯಾಕೆ ಚುಚ್ಚುತ್ತೆ ಅಂದರೆ, ಕಳೆದ ವರ್ಷ ಕೈವಾರದ ಹತ್ತಿರ ಒಂದು ಜಾತ್ರೆಯಲ್ಲಿ ತಮಟೆ ರೆಕಾರ್ಡ್ ಮಾಡಿಕೊಟ್ಟಿದ್ದೆ. ತಮಟೆ ನಮ್ಮ ಕಡೆಯ ಹೆಮ್ಮೆ, ನಮ್ಮ ಜಿಲ್ಲೆಯ ಮುನಿವೆಂಕಟಪ್ಪ ಅವರಿಗೆ 2023ರಲ್ಲಿ ಅದಕ್ಕೇ ಪದ್ಮಶ್ರೀ ಬಂತು. ವಿಡಿಯೋ ಬಂದಾಗ ಕ್ಯಾಮೆರಾದವನ ಹೆಸರಿತ್ತು, ಎಡಿಟ್ ಮಾಡಿದವನ ಹೆಸರಿತ್ತು, ಟೀ ಕೊಡಿಸಿದ ಮುಖಂಡನ ಹೆಸರು ಎರಡು ಸಲ ಇತ್ತು. ನನ್ನದಿಲ್ಲ. ಹೋಗಲಿ ಬಿಡಿ ಅಂದುಕೊಂಡೆ. ಆದರೆ ಅಲ್ಲೊಬ್ಬ ತಾತ ಇದ್ದರು, ಇಡೀ ಹೊತ್ತು ಹುಲ್ಲಿನ ಬೆಂಕಿ ಮುಂದೆ ಕುಕ್ಕರುಗಾಲಲ್ಲಿ ಕೂತು ತಮಟೆ ಕಾಯಿಸುತ್ತಿದ್ದರು. ಚರ್ಮ ಸ್ವಲ್ಪ ತಣ್ಣಗಾದರೆ ‘ದಬ್ ದಬ್’. ಅವರು ಕಾಯಿಸಿ, ಬೆರಳಲ್ಲಿ ಒಂದು ಸಲ ತಟ್ಟಿ ನೋಡಿ ಕೊಟ್ಟರೆ ‘ಟಣ್’. ಆ ಟಣ್ ನಾನು ಮಾಡಿದ್ದಲ್ಲ, ನುಡಿಸಿದ ಹುಡುಗರು ಮಾಡಿದ್ದೂ ಅಲ್ಲ.

ಇಷ್ಟು ಹೇಳಿದ ಮೇಲೆ ಮಾವನ ಮಗ, ‘ಆ ತಾತನ ಹೆಸರೇನು?’ ಅಂದ.

ನಾನೂ ಕೇಳಿರಲಿಲ್ಲ.

ಸಂಜೆ ಐದಕ್ಕೆ ಕರೆಂಟ್ ಬಂತು. ಹಳೇ ಫೈಲ್ ಹುಡುಕಿ ಹೆಡ್‌ಫೋನಲ್ಲಿ ಹಾಕಿದೆ. ತಮಟೆ ನಿಂತ ಒಂದು ಕ್ಷಣದಲ್ಲಿ ಹಿಂದೆ ಹುಲ್ಲು ಚಟಚಟ ಅನ್ನೋದು ಕೇಳುತ್ತದೆ, ಆಮೇಲೆ ಒಂದು ಕೆಮ್ಮು. ಆವತ್ತು ಅದನ್ನ ಕತ್ತರಿಸಬೇಕು ಅಂತಿದ್ದೆ.